ಬಾಲ್ಯದ ಆಟವೂ ತಂಡದ ಆಟಗಾರನೂ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಯಮಕನಮರಡಿಯಲ್ಲಾಗಲಿ, ನೆರೆಯ ಗೋಕಾಕ, ಮೂಡಲಗಿ ಸೀಮೆಯ ಇನ್ನಾವ ಊರಿನಲ್ಲಾಗಲಿ, ಕಬಡ್ಡಿಯಲ್ಲಿಯೋ ಖೋಖೋದಲ್ಲಿಯೋ ತುಸು ಚುರುಕನ್ನು ತೋರಿದ ಹತ್ತು ವರ್ಷದ ಹುಡುಗನ ತಂದೆ ಶಾಲೆಯ ದೈಹಿಕ ಶಿಕ್ಷಕರನ್ನು ಕಂಡು ಆಡುವ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ: “ಸರ, ಇವನ್ನ ಈಗಿಂದನ ಒಂದ ಆಟಕ್ಕ ಹಚ್ಚಿಬಿಡ್ರಿ.” ಈ ಮಾತಿನಲ್ಲಿ ಮಗನ ಏಳಿಗೆಯ ಹಂಬಲವಿದೆ, 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದಂದಿನಿಂದ, ಹಳ್ಳಿಯ ಹುಡುಗರೂ ಆಟದಿಂದಲೇ ಬದುಕು ಕಟ್ಟಿಕೊಳ್ಳುವುದನ್ನು ದೂರದರ್ಶನದಲ್ಲಿ ಕಣ್ಣಾರೆ ಕಂಡವರ ನ್ಯಾಯವಾದ ಆಸೆಯಿದೆ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಹಿರಿಯರ ಗಾದೆಯ ಬೆಂಬಲವೂ ಇದೆ. ಆದರೆ ಒಂದು ಮಗುವನ್ನು ಆರಿಸಿ, ಒಂದೇ ಆಟಕ್ಕೆ ಕಟ್ಟಿ, ಎಳವೆಯಿಂದಲೇ ಶಿಸ್ತಿನ ತರಬೇತಿಗೆ ಒಪ್ಪಿಸಿದರೆ ಅದು ನಿಜವಾಗಿ ಉತ್ತಮ ಆಟಗಾರನಾಗುವುದೇ, ಅಥವಾ ಊರ ಬಯಲಿನಲ್ಲಿ ಯಾರ ಹಂಗೂ ಇಲ್ಲದೆ ಹತ್ತಾರು ಆಟಗಳನ್ನು ಆಡಿ ಬೆಳೆದ ಮಗುವೇ ಕೊನೆಗೆ ಮುಂದೆ ಬರುವುದೇ ಎಂಬುದು ಸುಲಭವಾಗಿ ಉತ್ತರಿಸತಕ್ಕ ಪ್ರಶ್ನೆಯಲ್ಲ. ಈ ಪ್ರಶ್ನೆಯನ್ನು ಕುರಿತು ಕಳೆದ ಮೂರು ದಶಕಗಳಲ್ಲಿ ನಡೆದ ಶಾಸ್ತ್ರೀಯ ವಿಚಾರಣೆಯನ್ನು ನಮ್ಮ ನಾಡಿನ ಅನುಭವದೊಡನೆ ಹೊಂದಿಸಿ ನೋಡುವುದು ಈ ಲೇಖನದ ಉದ್ದೇಶ.

ಬಾಲ್ಯದಲ್ಲಿ ಕ್ರೀಡೆಯೊಡನೆ ಮಕ್ಕಳಿಗೆ ಒದಗುವ ಸಂಬಂಧ ಎರಡು ಬಗೆಯದು. ಒಂದರಲ್ಲಿ ಮಕ್ಕಳೇ ಕೂಡುತ್ತಾರೆ, ಮಕ್ಕಳೇ ಪಾಳಿ ಹಂಚಿಕೊಳ್ಳುತ್ತಾರೆ, ಬಯಲಿನ ಅಳತೆಗೂ ಬಂದವರ ಸಂಖ್ಯೆಗೂ ತಕ್ಕಂತೆ ನಿಯಮಗಳನ್ನು ಅವರೇ ತಿದ್ದಿಕೊಳ್ಳುತ್ತಾರೆ. ಆಡುವ ಆನಂದವೇ ಅಲ್ಲಿ ಆಟದ ಗುರಿ. ಇನ್ನೊಂದರಲ್ಲಿ ಬಲ್ಲವನೊಬ್ಬ ಮುಂದೆ ನಿಂತು, ಮಗುವಿನ ಯಾವ ಕುಂದನ್ನು ತಿದ್ದಬೇಕೆಂಬುದನ್ನು ನಿಶ್ಚಯಿಸಿ, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿಸಿ, ತಪ್ಪನ್ನು ಆಗಿಂದಾಗಲೇ ತೋರಿಸಿಕೊಡುತ್ತಾನೆ. ನಾಳಿನ ಸಾಮರ್ಥ್ಯವೇ ಅಲ್ಲಿನ ಗುರಿ, ಇಂದಿನ ಶ್ರಮ ಅದಕ್ಕೆ ತೆರುವ ಬೆಲೆ. ಇವೆರಡರ ನಡುವೆ ಅನೇಕ ಮಿಶ್ರರೂಪಗಳು ಇಲ್ಲದಿಲ್ಲ. ಆದರೂ ಸ್ವೇಚ್ಛೆಯ ಆಟ, ಉದ್ದೇಶಪೂರ್ವಕವಾದ ಅಭ್ಯಾಸ ಎಂಬ ಈ ಎರಡು ಧ್ರುವಗಳ ಸುತ್ತಲೇ ವಿದ್ವಾಂಸರ ಚರ್ಚೆಯೆಲ್ಲ ನಡೆದಿದೆ.

ಅಭ್ಯಾಸದ ಪಕ್ಷವನ್ನು ಅತ್ಯಂತ ಬಲವಾಗಿ ಮಂಡಿಸಿದವನು ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಅಧ್ಯಾಪಕನಾಗಿದ್ದ ಮನಶ್ಶಾಸ್ತ್ರಜ್ಞ ಆ್ಯಂಡರ್ಸ್ ಎರಿಕ್ಸನ್. ಬರ್ಲಿನ್ನಿನ ಸಂಗೀತ ವಿದ್ಯಾಲಯದ ಪಿಟೀಲು ವಿದ್ಯಾರ್ಥಿಗಳನ್ನು ಪರಿಶೀಲಿಸಿ, ತನ್ನ ಸಹೋದ್ಯೋಗಿಗಳೊಡನೆ 1993ರಲ್ಲಿ ಅವನು ಪ್ರಕಟಿಸಿದ ಪ್ರಬಂಧದ ಪ್ರಕಾರ, ಅತ್ಯುತ್ತಮರೆನಿಸಿದ ವಿದ್ಯಾರ್ಥಿಗಳು ಇಪ್ಪತ್ತನೆಯ ವಯಸ್ಸಿನ ಹೊತ್ತಿಗೆ ಸರಾಸರಿ 10,000 ಗಂಟೆಗಳಷ್ಟು ಏಕಾಂತ ಅಭ್ಯಾಸವನ್ನು ಮಾಡಿದ್ದರು. ಈ ಸಂಖ್ಯೆಯನ್ನು ಮ್ಯಾಲ್ಕಮ್ ಗ್ಲಾಡ್‌ವೆಲ್ 2008ರ ತನ್ನ ಜನಪ್ರಿಯ ಪುಸ್ತಕದಲ್ಲಿ ಎತ್ತಿಕೊಂಡು, ಎಲ್ಲ ವಿದ್ಯೆಗಳಿಗೂ ಒಪ್ಪುವ ಸೂತ್ರವೋ ಎಂಬಂತೆ ಹರಡಿದನು. ಆದರೆ ಪಿಟೀಲು ನುಡಿಸುವವನ ಮುಂದೆ ಎದುರಾಳಿಯಿಲ್ಲ. ಅವನ ತಂತಿಗಳು ಅವನನ್ನು ವಂಚಿಸಲು ಹವಣಿಸುವುದಿಲ್ಲ. ತಂಡದ ಆಟದಲ್ಲಿ ಎದುರು ನಿಂತವರು ಕ್ಷಣಕ್ಷಣಕ್ಕೂ ತಮ್ಮ ಉಪಾಯವನ್ನು ಬದಲಿಸುತ್ತಾರೆ, ಜತೆಗಿರುವವರ ಮನಸ್ಸನ್ನೂ ಊಹಿಸಬೇಕಾಗುತ್ತದೆ. ಆದುದರಿಂದ ಒಂಟಿಯಾಗಿ ಕೂತು ಸಾಧಿಸುವ ವಿದ್ಯೆಯ ಗಣಿತವನ್ನು ಕಬಡ್ಡಿಯ ಅಂಕಣಕ್ಕೆ ಇದ್ದಂತೆಯೇ ತಂದು ಹೊಂದಿಸುವುದು ಯುಕ್ತವಲ್ಲ. ಮುಂದೆ ಬ್ರೂಕ್ ಮ್ಯಾಕ್‌ನಮಾರಾ ಮತ್ತು ಅವಳ ಸಂಗಡಿಗರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ತೋರಿಸಿಕೊಟ್ಟಂತೆ, ಕ್ರೀಡಾಪಟುಗಳ ಸಾಮರ್ಥ್ಯದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇಕಡಾ 18 ಭಾಗಕ್ಕೆ ಮಾತ್ರ ಇಂಥ ಅಭ್ಯಾಸದ ಪ್ರಮಾಣ ಕಾರಣವೆನ್ನಬಹುದು. ಉನ್ನತ ಶ್ರೇಣಿಯ ಆಟಗಾರರನ್ನೇ ತಮ್ಮತಮ್ಮಲ್ಲಿ ಹೋಲಿಸಿದಾಗ ಆ ಪಾಲು ಶೇಕಡಾ 1ಕ್ಕೆ ಇಳಿಯಿತು. ಅಭ್ಯಾಸ ಬೇಡವೆಂಬುದು ಇದರ ಅರ್ಥವಲ್ಲ. ಆ ಎತ್ತರಕ್ಕೆ ಏರಿದವರೆಲ್ಲರೂ ಅಭ್ಯಾಸ ಮಾಡಿದವರೇ. ಅಭ್ಯಾಸವೊಂದೇ ಸಾಲದು ಎಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ.

ಆಟದ ಪಕ್ಷಕ್ಕೆ ಸಿದ್ಧಾಂತದ ರೂಪವನ್ನು ಕೊಟ್ಟವನು ಕೆನಡಾದ ಜೀನ್ ಕೋತೆ. ಎಳೆಯ ವಯಸ್ಸಿನಲ್ಲಿಯೇ ಹೆಸರು ಪಡೆದ ಕ್ರೀಡಾಪಟುಗಳ ನಾಲ್ಕು ಕುಟುಂಬಗಳನ್ನು ಸಂದರ್ಶಿಸಿ 1999ರಲ್ಲಿ ಅವನು ಬರೆದ ಪ್ರಬಂಧ, ಕ್ರೀಡಾಜೀವನವನ್ನು ಮೂರು ಘಟ್ಟಗಳಾಗಿ ವಿಂಗಡಿಸಿತು. ಸ್ಥೂಲವಾಗಿ ಹೇಳುವುದಾದರೆ, ಆರರಿಂದ ಹನ್ನೆರಡನೆಯ ವಯಸ್ಸಿನವರೆಗೆ ಅನೇಕ ಆಟಗಳ ರುಚಿ ನೋಡುವ ಕಾಲ. ಹದಿಮೂರರಿಂದ ಹದಿನೈದರವರೆಗೆ ಒಂದೆರಡು ಆಟಗಳ ಕಡೆಗೆ ಮನಸ್ಸು ವಾಲುವ ಕಾಲ. ಹದಿನಾರರ ಬಳಿಕ ಒಂದೇ ಆಟಕ್ಕೆ ಸರ್ವಸ್ವವನ್ನೂ ಮುಡಿಪಾಗಿಡುವ ಕಾಲ. ಮೊದಲ ಘಟ್ಟದಲ್ಲಿ ಆಟವೇ ಹೆಚ್ಚು, ಅಭ್ಯಾಸ ಸ್ವಲ್ಪ. ಕೊನೆಯ ಘಟ್ಟದಲ್ಲಿ ಅದು ತಲೆಕೆಳಗು. ತಂದೆತಾಯಿಗಳ ಪಾತ್ರವೂ ಹೀಗೆಯೇ ಬದಲಾಗುತ್ತದೆಂಬುದನ್ನು ಅವನು ಗುರುತಿಸಿದನು. ಮೊದಲು ಅವರು ಮಗುವನ್ನು ಕೈಹಿಡಿದು ಬಯಲಿಗೆ ಕರೆತರುವವರು. ಅನಂತರ ಮಗುವಿನ ಆಯ್ಕೆಯ ಹಿಂದೆ ನಡೆಯುವವರು. ಕೊನೆಗೆ ದೂರ ನಿಂತು ಆಸರೆಯಾಗುವವರು. ಕೈಹಿಡಿಯಬೇಕಾದ ವಯಸ್ಸಿನಲ್ಲಿ ದೂಡುವುದೂ, ದೂರ ನಿಲ್ಲಬೇಕಾದ ವಯಸ್ಸಿನಲ್ಲಿ ಅಡ್ಡಬರುವುದೂ ಎಷ್ಟು ಮಕ್ಕಳ ಉತ್ಸಾಹವನ್ನು ಬಾಡಿಸಿದೆಯೆಂಬುದು ಶಾಲಾ ಕ್ರೀಡಾಕೂಟಗಳನ್ನು ನೋಡಿ ಬಲ್ಲವರಿಗೆ ಹೇಳಬೇಕಾದುದಿಲ್ಲ.

ಈ ಸಿದ್ಧಾಂತಕ್ಕೆ ಆಧಾರಗಳು ಬೇರೆ ಬೇರೆ ದಿಕ್ಕುಗಳಿಂದ ಬಂದವು. ಆಸ್ಟ್ರೇಲಿಯದ ರಾಷ್ಟ್ರೀಯ ತಂಡಗಳಲ್ಲಿ ನೆಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಮತ್ತು ಹಾಕಿ ಆಡುತ್ತಿದ್ದವರಲ್ಲಿ, ಒಳ್ಳೆಯ ನಿರ್ಣಯಶಕ್ತಿಗೆ ಹೆಸರಾದವರ ಬಾಲ್ಯವನ್ನು ಬೇಕರ್, ಕೋತೆ, ಅಬರ್ನೆಥಿ ಎಂಬ ಮೂವರು 2003ರಲ್ಲಿ ಪರಿಶೀಲಿಸಿದರು. ಚಿಕ್ಕಂದಿನಲ್ಲಿ ಹೆಚ್ಚು ಬಗೆಯ ಆಟಗಳನ್ನು ಆಡಿದವರಿಗೆ, ತಮ್ಮ ಮುಖ್ಯ ಆಟದಲ್ಲಿ ರಾಷ್ಟ್ರೀಯ ಮಟ್ಟವನ್ನು ಮುಟ್ಟಲು ಕಡಿಮೆ ಗಂಟೆಗಳ ವಿಶೇಷ ಅಭ್ಯಾಸ ಸಾಕಾಯಿತೆಂಬುದು ಅವರಿಗೆ ಕಂಡ ಸಂಗತಿ. ಇಂಗ್ಲೆಂಡಿನ ಎಳೆಯ ಫುಟ್‌ಬಾಲ್ ಆಟಗಾರರನ್ನು ಕುರಿತ 2009ರ ಅಧ್ಯಯನದಲ್ಲಿ ಪಾಲ್ ಫೋರ್ಡ್ ಮತ್ತು ಅವನ ಸಂಗಡಿಗರಿಗೆ ಕಂಡುದು ತುಸು ಬೇರೆ. ಒಂದೇ ಮಟ್ಟದ ತರಬೇತಿ ಪಡೆದವರಲ್ಲಿ, ಮುಂದೆ ವೃತ್ತಿಪರರಾದವರು ಆರರಿಂದ ಹನ್ನೆರಡರ ವಯಸ್ಸಿನಲ್ಲಿ ಬೀದಿಯಲ್ಲಿಯೂ ಬಯಲಿನಲ್ಲಿಯೂ ಫುಟ್‌ಬಾಲನ್ನೇ ಹೆಚ್ಚು ಹೊತ್ತು ಆಡಿದವರಾಗಿದ್ದರು. ಜರ್ಮನಿಯ ಮೊದಲ ಶ್ರೇಣಿಯ ಲೀಗಿನ ಫುಟ್‌ಬಾಲ್ ಆಟಗಾರರನ್ನು ಕುರಿತು 2016ರಲ್ಲಿ ಬಂದ ಅಧ್ಯಯನ ಈ ಎರಡನ್ನೂ ಸೇರಿಸಿದಂತಿದೆ. ಅಲ್ಲಿ ರಾಷ್ಟ್ರೀಯ ತಂಡಕ್ಕೆ ಏರಿದವರು, ಕೆಳಗಿನ ಶ್ರೇಣಿಯಲ್ಲಿಯೇ ಉಳಿದವರಿಗಿಂತ, ಬಾಲ್ಯದಲ್ಲಿ ಯಾರ ಮೇಲ್ವಿಚಾರಣೆಯೂ ಇಲ್ಲದ ಬಯಲಾಟವನ್ನು ಹೆಚ್ಚಾಗಿ ಆಡಿದ್ದರು. ಕೌಮಾರದಲ್ಲಿ ಬೇರೆ ಕ್ರೀಡೆಗಳಲ್ಲಿಯೂ ಹೆಚ್ಚು ತೊಡಗಿದ್ದರು. 2022ರಲ್ಲಿ ಗ್ಯೂಲಿಚ್, ಮ್ಯಾಕ್‌ನಮಾರಾ, ಹ್ಯಾಂಬ್ರಿಕ್ ಇವರು, ವಿಶ್ವಶ್ರೇಷ್ಠರಾದ 772 ಜನರೂ ಸೇರಿದಂತೆ 6,096 ಕ್ರೀಡಾಪಟುಗಳ ವೃತ್ತಾಂತಗಳನ್ನು ಒಟ್ಟಿಗೆ ಪರಿಶೀಲಿಸಿ ಕಂಡುಕೊಂಡ ಸತ್ಯ ಎಲ್ಲ ತಂದೆತಾಯಿಗಳೂ ತಿಳಿಯಬೇಕಾದುದು. ಎಳೆಯರ ಮಟ್ಟದಲ್ಲಿ ಬೇಗ ಬೆಳಗಿದವರು ಬೇಗ ಆರಂಭಿಸಿ, ಒಂದೇ ಆಟವನ್ನು ಹೆಚ್ಚಾಗಿ ಅಭ್ಯಾಸ ಮಾಡಿದವರು. ಆದರೆ ವಯಸ್ಕರಾದ ಮೇಲೆ ಜಗತ್ತಿನ ಶಿಖರವನ್ನೇರಿದವರು ಅನೇಕ ಆಟಗಳನ್ನು ಆಡಿ, ತಮ್ಮ ಮುಖ್ಯ ಆಟಕ್ಕೆ ತಡವಾಗಿ ಬಂದು, ಮೊದಮೊದಲು ನಿಧಾನವಾಗಿ ಮುಂದುವರಿದವರು. ಹದಿನಾಲ್ಕರ ಒಳಗಿನ ಪದಕ ಇಪ್ಪತ್ತೈದರ ಪದಕಕ್ಕೆ ಮುಂಗಡವೆಂದು ತಿಳಿಯುವುದು ಹಾಗಾದರೆ ದೊಡ್ಡ ಭ್ರಮೆಯೇ ಸರಿ.

ಒಂದೇ ಆಟವನ್ನು ಮನಸಾರೆ ಆಡುವುದು ಮೇಲೋ, ಹಲವು ಆಟಗಳನ್ನು ಆಡುವುದು ಮೇಲೋ ಎಂಬಲ್ಲಿ ಈ ಅಧ್ಯಯನಗಳು ಪೂರ್ಣವಾಗಿ ಒಂದಾಗಿಲ್ಲ. ಆದರೆ ಬಾಲ್ಯದಲ್ಲಿ ಮಕ್ಕಳು ತಾವೇ ನಡೆಸುವ ಆಟಕ್ಕೆ ಹೇರಳವಾದ ಕಾಲಾವಕಾಶ ಬೇಕೆಂಬಲ್ಲಿ ಇವು ಬಹುಮಟ್ಟಿಗೆ ಒಂದೇ ಮಾತನ್ನಾಡುತ್ತವೆ. ಅಂಥ ಆಟ ಆಟಗಾರನನ್ನು ಹೇಗೆ ಬೆಳೆಸುವುದೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಸಂಜೆ ಶಾಲೆ ಬಿಟ್ಟ ಮೇಲೆ ನಡೆಯುವ ಲಗೋರಿಯೊಂದನ್ನು ಹತ್ತಿರ ನಿಂತು ನೋಡಿದರೆ ಸಾಕು. ಏಳು ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ. ಚೆಂಡು ಬೀಸಿ ಬಂದು ಅವನ್ನು ಚೆದರಿಸಿದ ಮರುಕ್ಷಣವೇ ಬಯಲೆಲ್ಲ ಕದಡಿದಂತಾಗುತ್ತದೆ. ಒಂದು ಪಾಳಿಯವರು ಕಲ್ಲುಗಳನ್ನು ಮತ್ತೆ ಜೋಡಿಸಬೇಕು. ಇನ್ನೊಂದು ಪಾಳಿಯವರು ಅಷ್ಟರೊಳಗೆ ಚೆಂಡನ್ನು ಹಿಡಿದು ಅವರಲ್ಲಿ ಒಬ್ಬನಿಗೆ ಹೊಡೆಯಬೇಕು. ಈಗ ಕಲ್ಲಿನ ಬಳಿ ಕುಳಿತ ಹುಡುಗಿ ಕೈಯಿಂದ ಕಲ್ಲನ್ನೆತ್ತುತ್ತ ಕಣ್ಣನ್ನು ಚೆಂಡಿನ ಮೇಲಿಟ್ಟಿದ್ದಾಳೆ. ಅವಳ ಜತೆಯವನೊಬ್ಬ ಬೇಕೆಂತಲೇ ಎದುರಾಳಿಯ ಮುಂದೆ ಸುಳಿದು ಹೊಡೆತವನ್ನು ತನ್ನ ಕಡೆಗೆ ಸೆಳೆಯುತ್ತಾನೆ. ಚೆಂಡು ಹಿಡಿದವನು ತಾನೇ ಎಸೆಯಬೇಕೋ ಹತ್ತಿರವಿರುವವನಿಗೆ ದಾಟಿಸಬೇಕೋ ಎಂಬುದನ್ನು ಉಸಿರು ಬಿಡುವಷ್ಟರಲ್ಲಿ ನಿರ್ಧರಿಸುತ್ತಾನೆ. “ಲೇ, ಬಡದೈತಿ!” “ಇಲ್ಲೋ, ಅಂಗಿಗಷ್ಟ ತಾಗೈತಿ!” ಎಂದು ಜಗಳವೇಳುತ್ತದೆ, ತೀರ್ಪುಗಾರನಿಲ್ಲದ ಆ ಬಯಲಿನಲ್ಲಿ ಆಟ ಮುಂದೆ ಸಾಗಬೇಕಾದರೆ ಜಗಳವನ್ನು ಅವರೇ ಮುಗಿಸಬೇಕು, ಮುಗಿಸುತ್ತಾರೆ. ಅಕ್ಕನ ಬೆನ್ನಿಗೆ ಬಂದ ಐದು ವರ್ಷದ ತಮ್ಮನನ್ನೂ ಅವರು ಹೊರಗೆ ನಿಲ್ಲಿಸುವುದಿಲ್ಲ. ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಸೋಲಿನ ಭಾರವಿಲ್ಲದೆ, ದೊಡ್ಡವರ ನಡುವೆ ಓಡಾಡುತ್ತ, ಎರಡು ವರ್ಷಗಳಲ್ಲಿ ಅವನೂ ಲೆಕ್ಕಕ್ಕೆ ಸೇರುವ ಆಟಗಾರನಾಗುತ್ತಾನೆ. ಇಷ್ಟು ಉದಾರವಾದ ಪ್ರವೇಶವನ್ನು ಯಾವ ತರಬೇತಿ ಕೇಂದ್ರವೂ ಈವರೆಗೆ ರೂಪಿಸಿಲ್ಲ.

ಈ ಒಂದು ಆಟದಲ್ಲಿ ಮಗು ಕಲಿಯುವುದೇನು? ಓಡುತ್ತ ಓಡುತ್ತಲೇ ನೋಡುವುದು, ಎದುರಾಳಿಯ ಭುಜದ ತಿರುವಿನಿಂದ ಅವನ ಉದ್ದೇಶವನ್ನು ಓದುವುದು, ಜತೆಗಾರನಿಗಾಗಿ ತಾನು ಅಪಾಯಕ್ಕೆ ಒಡ್ಡಿಕೊಳ್ಳುವುದು, ತಪ್ಪಿದಾಗ ಕೂಡಲೇ ಬೇರೊಂದು ದಾರಿಯನ್ನು ಹುಡುಕುವುದು. ಖೋಖೋದಲ್ಲಿ ಬೇಕಾದುದೂ ಇದೇ. ಎಂಟು ಜನರು ಸಾಲಾಗಿ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಮುಖಮಾಡಿ ಕುಳಿತಿರುತ್ತಾರೆ, ಒಂಬತ್ತನೆಯವನು ಬೆನ್ನಟ್ಟುತ್ತಾನೆ, ಒಮ್ಮೆ ಹಿಡಿದ ದಿಕ್ಕಿನಿಂದ ಅವನು ಹಿಂದಿರುಗುವಂತಿಲ್ಲ, ಕುಳಿತವರ ನಡುವೆ ನುಸುಳುವಂತಿಲ್ಲ. ಓಡುವವನಿಗೋ ಎರಡು ಕಡೆಯೂ ಮುಕ್ತ. ಹೀಗಾಗಿ ಬೆನ್ನಟ್ಟುವವನ ಗೆಲುವು ಕಾಲಿನ ವೇಗದಲ್ಲಿ ಎಷ್ಟಿದೆಯೋ, ಯಾರಿಗೆ ಯಾವ ಕ್ಷಣದಲ್ಲಿ ಖೋ ಕೊಡಬೇಕೆಂಬ ವಿವೇಕದಲ್ಲಿಯೂ ಅಷ್ಟೇ ಇದೆ. ಕಬಡ್ಡಿಯಲ್ಲಿ ಏಳು ಜನರ ನಡುವೆ ಮೂವತ್ತು ಸೆಕೆಂಡುಗಳ ಕಾಲ ಏಕಾಂಗಿಯಾಗಿ ಸುಳಿದಾಡುವ ರೇಡರ್, ಕಾರ್ನರಿನವನ ಕಣ್ಣನ್ನು ನೋಡಿ ಕವರಿನವನ ಕಾಲನ್ನು ಊಹಿಸಬೇಕು. ಈ ಊಹೆಯನ್ನು ಹೇಳಿಕೊಟ್ಟು ಕಲಿಸಲಾಗದು. ಸಾವಿರ ಸಲ ಮೋಸಹೋಗಿ, ಸಾವಿರ ಸಲ ಮೋಸಮಾಡಿ ಅದು ದೇಹಕ್ಕೆ ಇಳಿಯಬೇಕು. ಗಿಡಮಂಗನಾಟ, ಚಿಣ್ಣಿದಾಂಡು, ಲಗೋರಿ, ಹುತುತು ಇವೆಲ್ಲ ಆ ಸಾವಿರ ಸಲಗಳನ್ನು ಖರ್ಚಿಲ್ಲದೆ ಒದಗಿಸುವ ಪಾಠಶಾಲೆಗಳು. ಆಸ್ಟ್ರೇಲಿಯದ ಬೋರಲ್ ಎಂಬ ಸಣ್ಣ ಊರಿನಲ್ಲಿ ಬಾಲಕ ಡಾನ್ ಬ್ರಾಡ್ಮನ್, ನೀರಿನ ತೊಟ್ಟಿಯ ಇಟ್ಟಿಗೆಯ ಕಟ್ಟೆಗೆ ಗಾಲ್ಫ್ ಚೆಂಡನ್ನು ಎಸೆದು, ಹೇಗೆಂದರೆ ಹಾಗೆ ಪುಟಿದು ಬರುತ್ತಿದ್ದ ಅದನ್ನು ಒಂದು ಸ್ಟಂಪಿನಿಂದ ಹೊಡೆಯುತ್ತಿದ್ದುದು ಕ್ರಿಕೆಟ್ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಅದು ಯಾರೂ ಹಾಕಿಕೊಟ್ಟ ಪಾಠವಲ್ಲ. ಹುಡುಗ ತನಗಾಗಿ ಕಟ್ಟಿಕೊಂಡ ಆಟ.

ಆಟ ಇಷ್ಟನ್ನೆಲ್ಲ ಕೊಡುವುದಾದರೆ ತರಬೇತಿ ಯಾತಕ್ಕೆ ಎಂಬ ಪ್ರಶ್ನೆ ಸಹಜ. ಬಯಲಾಟ ಕೊಡಲಾರದ ಸಂಗತಿಗಳೂ ಇವೆಯೆಂಬುದನ್ನು ಮರೆಯುವುದು ಇನ್ನೊಂದು ಬಗೆಯ ಅತಿರೇಕವಾದೀತು. ರೇಡರನ ಕಣಕಾಲನ್ನು ಹಿಡಿಯುವ ಆ್ಯಂಕಲ್ ಹೋಲ್ಡಿನಲ್ಲಿ ತಲೆಯನ್ನು ಎತ್ತ ಇಟ್ಟರೆ ಅವನ ಮೊಣಕಾಲು ಮುಖಕ್ಕೆ ಬಡಿಯದು, ಖೋಖೋದಲ್ಲಿ ಕಂಬದ ಬಳಿ ಹಾರಿ ಬೀಳುವಾಗ ಮೈಯ ಭಾರವನ್ನು ಎದೆಯ ಮೇಲೆ ಹೇಗೆ ಜಾರಿಸಬೇಕು, ಕೈಕೈ ಹಿಡಿದು ಚೈನ್ ಕಟ್ಟಿದ ಇಬ್ಬರು ಒಟ್ಟಿಗೆ ಯಾವಾಗ ನುಗ್ಗಬೇಕು ಎಂಬಿವನ್ನು ಬಲ್ಲವರೇ ಹೇಳಿಕೊಡಬೇಕು. ತಪ್ಪಾಗಿ ಕಲಿತ ಹಿಡಿತ ಕೈಬೆರಳನ್ನು ಮುರಿಯುವುದಲ್ಲದೆ, ಬಿಡಿಸಲಾಗದ ಚಾಳಿಯಾಗಿ ನಿಂತುಬಿಡುತ್ತದೆ. ಹದಿಮೂರು ಹದಿನಾಲ್ಕರ ಸುಮಾರಿಗೆ ಮಗುವಿನ ಮೈಯಲ್ಲಿ ಬಲವೂ ಮನಸ್ಸಿನಲ್ಲಿ ಬಯಕೆಯೂ ಮೂಡಿದಾಗ, ಕ್ರಮವಾದ ಅಭ್ಯಾಸಕ್ಕೆ ಅದು ತಾನೇ ಕೈಚಾಚುತ್ತದೆ. ಆ ಹೊತ್ತಿಗೆ ತಕ್ಕ ಗುರು ದೊರೆಯದಿರುವುದು, ಅದಕ್ಕೆ ಮುಂಚೆಯೇ ಗುರುವಿನ ಕೈಗೆ ಒಪ್ಪಿಸುವುದರಷ್ಟೇ ಹಾನಿಕರ. ಆಟ ಮೊದಲು, ಅಭ್ಯಾಸ ಆಮೇಲೆ ಎಂಬ ಕ್ರಮದಲ್ಲಿ ಆಮೇಲೆ ಬರತಕ್ಕದ್ದು ಬಂದೇ ತೀರಬೇಕು.

ಅಕಾಲದಲ್ಲಿ ಒಪ್ಪಿಸುವುದರ ಹಾನಿಯನ್ನು ವೈದ್ಯರೂ ಎತ್ತಿ ತೋರಿಸಿದ್ದಾರೆ. ಅಮೆರಿಕೆಯ ನೀರು ಜಯಂತಿ ಮತ್ತು ಅವರ ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ ತಮ್ಮ ವಯಸ್ಸಿನ ವರ್ಷಗಳಿಗಿಂತ ಹೆಚ್ಚು ಗಂಟೆ ಕ್ರೀಡೆಯಲ್ಲಿ ತೊಡಗಿದ ಮಕ್ಕಳಿಗೂ, ಸ್ವೇಚ್ಛೆಯ ಆಟದ ಎರಡು ಪಟ್ಟಿಗಿಂತ ಹೆಚ್ಚು ಕಾಲವನ್ನು ವ್ಯವಸ್ಥಿತ ಕ್ರೀಡೆಗೆ ಕೊಟ್ಟವರಿಗೂ, ಅತಿಬಳಕೆಯಿಂದಾಗುವ ತೀವ್ರ ನೋವುಗಳ ಸಂಭವ ಹೆಚ್ಚಾಗಿತ್ತು. ಹತ್ತು ವರ್ಷದ ಮಗುವಿಗೆ ವಾರಕ್ಕೆ ಹತ್ತು ಗಂಟೆ ಎಂಬ ಈ ಅಳತೆ, ತಂದೆತಾಯಿಗಳು ನೆನಪಿಡಲು ಸುಲಭವಾದುದು. ಅದೇ ವರ್ಷ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಎಳೆಯ ಕ್ರೀಡಾಪಟುಗಳ ಬೆಳವಣಿಗೆಯನ್ನು ಕುರಿತು ಪ್ರಕಟಿಸಿದ ತಜ್ಞರ ಹೇಳಿಕೆಯೂ ಬಾಲ್ಯದಲ್ಲಿ ವೈವಿಧ್ಯವಿರಬೇಕೆಂಬುದನ್ನೇ ಎತ್ತಿಹಿಡಿಯಿತು.

ಇನ್ನು ನಮ್ಮ ನಾಡಿನ ಸಾಕ್ಷ್ಯವನ್ನು ನೋಡೋಣ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಹಾಕಿ ತಂಡದಲ್ಲಿ ಆಡಿ, 1973ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕರಾಗಿದ್ದ ಕೊಡಗಿನ ಎಂ.ಪಿ. ಗಣೇಶ್, ಹಾಕಿಗೆ ಬರುವ ಮೊದಲು ತಮ್ಮ ಜಿಲ್ಲೆಯ ಪರವಾಗಿ ಫುಟ್‌ಬಾಲ್ ಆಡಿದವರು. ಮಹೇಂದ್ರ ಸಿಂಗ್ ಧೋನಿ ರಾಂಚಿಯ ಶಾಲೆಯಲ್ಲಿ ಮೊದಲು ಫುಟ್‌ಬಾಲ್ ಗೋಲ್‌ಕೀಪರ್. ವಿಕೆಟ್ ಹಿಂದೆ ನಿಂತದ್ದು ಆಮೇಲೆ. ಒಂದು ಆಟದಲ್ಲಿ ಪಡೆದ ದೃಷ್ಟಿ ಇನ್ನೊಂದು ಆಟಕ್ಕೆ ಸಲ್ಲುವುದೆಂಬ ಶಾಸ್ತ್ರಜ್ಞರ ಮಾತಿಗೆ ಇಂಥ ಜೀವನಗಳು ಹೊಂದಿಕೊಳ್ಳುತ್ತವೆ. ಕೊಡಗಿನ ಉದಾಹರಣೆ ಒಬ್ಬಿಬ್ಬ ಆಟಗಾರರಿಗೆ ಮುಗಿಯುವುದಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಒಂದೊಂದು ಮನೆತನವೂ ಒಂದೊಂದು ತಂಡ. ಅಜ್ಜನೂ ಮೊಮ್ಮಗನೂ, ಅತ್ತೆಯೂ ಸೊಸೆಯೂ ಒಂದೇ ಅಂಕಣಕ್ಕೆ ಇಳಿಯಬಹುದು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಹಬ್ಬಕ್ಕೆ 360 ಮನೆತನಗಳು ತಂಡ ಕಟ್ಟಿಕೊಂಡು ಬಂದವು. ಪುಟ್ಟ ಜಿಲ್ಲೆಯೊಂದು ಇಷ್ಟೊಂದು ಹಾಕಿ ಆಟಗಾರರನ್ನು ದೇಶಕ್ಕೆ ಕೊಟ್ಟುದರ ಹಿಂದೆ, ಆಯ್ಕೆಗಾರರ ಕಣ್ಣಿಗೆ ಬೀಳುವುದಕ್ಕೆ ಮುಂಚೆಯೇ ಮನೆಯಂಗಳದಲ್ಲಿ ಕೋಲು ಹಿಡಿದು ಬೆಳೆಯುವ ಈ ವಾತಾವರಣ ಇದೆಯೆಂಬುದರಲ್ಲಿ ಸಂದೇಹವಿಲ್ಲ.

ನಮ್ಮ ಜಿಲ್ಲೆಯೂ ಈ ವಿಷಯದಲ್ಲಿ ಬರಿಗೈಯಲ್ಲ. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಭಾರತದ ಹಾಕಿ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲರಿದ್ದರು. ಜಿಲ್ಲೆಯ ಹೊರಗೆ ನೋಡಿದರೆ, ಖೋಖೋದ ಮೊದಲ ವಿಶ್ವಕಪ್ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದಾಗ, ಪುರುಷರ ಮತ್ತು ಮಹಿಳೆಯರ ಎರಡೂ ಕಪ್ಪುಗಳನ್ನು ಭಾರತವೇ ಗೆದ್ದಿತು. ಆ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಕಬಡ್ಡಿಯಲ್ಲಿ ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ ಏಷ್ಯನ್ ಕ್ರೀಡಾಕೂಟದ ಚಿನ್ನಗಳನ್ನೂ 2014ರ ಅರ್ಜುನ ಪ್ರಶಸ್ತಿಯನ್ನೂ ಪಡೆದರು. ಇಂಥ ಹೆಸರುಗಳು ಸಣ್ಣ ಊರುಗಳಿಂದ ಬರುವುದು ಆಕಸ್ಮಿಕವಲ್ಲವೆಂಬುದಕ್ಕೆ ಪರದೇಶದ ಬೆಂಬಲವೂ ಉಂಟು. ಅಮೆರಿಕೆಯ ವೃತ್ತಿಪರ ಆಟಗಾರರ ಹುಟ್ಟೂರುಗಳನ್ನು ಲೆಕ್ಕಹಾಕಿದ ಕೋತೆ ಮತ್ತು ಸಂಗಡಿಗರು, ಐದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗಿಂತ ಚಿಕ್ಕ ಊರುಗಳೇ ತಮ್ಮ ಪಾಲಿಗೆ ಮೀರಿ ಆಟಗಾರರನ್ನು ಕೊಟ್ಟಿವೆಯೆಂದು 2006ರಲ್ಲಿ ತೋರಿಸಿದರು. ಬಯಲು ಹತ್ತಿರವಿರುವುದು, ಹಿರಿಕಿರಿಯರು ಕೂಡಿ ಆಡುವುದು, ಆಡುವವನನ್ನು ಊರು ಅರಿತಿರುವುದು, ಇವೇ ಅದಕ್ಕೆ ಕಾರಣಗಳಿರಬೇಕು. ಜಾತ್ರೆಯ ರಾತ್ರಿ ದೀಪದ ಬೆಳಕಿನಲ್ಲಿ ನಡೆಯುವ ಕಬಡ್ಡಿ ಪಂದ್ಯಕ್ಕೆ ಊರಿಗೆ ಊರೇ ನೆರೆಯುವ ನಮ್ಮ ಸೀಮೆಯಲ್ಲಿ ಈ ಮೂರೂ ಇವೆ, ಅಥವಾ ಇದ್ದವು.

ಇದ್ದವು ಎನ್ನಬೇಕಾಗಿರುವುದು ನಿಜಕ್ಕೂ ದುಃಖದ ಸಂಗತಿ. ಘಟಪ್ರಭೆಗೆ ಹಿಡಕಲ್ಲಿನಲ್ಲಿ ಅಣೆಕಟ್ಟು ಬಂದು ನೀರು ಹರಿದ ಮೇಲೆ ಈ ಸೀಮೆಯ ಬದುಕು ಹಸನಾಯಿತು. ಅದು ಎಲ್ಲರೂ ಕೃತಜ್ಞರಾಗಿರಬೇಕಾದ ಉಪಕಾರ. ಆದರೆ ಜೋಳ ಕೊಯ್ದ ಮೇಲೆ ತಿಂಗಳುಗಟ್ಟಲೆ ಬರಿದಾಗಿ ಬಿದ್ದಿರುತ್ತಿದ್ದ ಹೊಲಗಳು ಮಕ್ಕಳ ಆಡುಂಬೊಲಗಳಾಗಿದ್ದವು. ಆ ಹೊಲಗಳಲ್ಲಿ ಈಗ ವರ್ಷವಿಡೀ ಕಬ್ಬು ನಿಂತಿರುತ್ತದೆ. ಊರಿನ ಹತ್ತಿರವೇ ಹಾದುಹೋಗುವ ಹೆದ್ದಾರಿ ಅಗಲವಾದಂತೆ ಮಕ್ಕಳು ಅದನ್ನು ದಾಟಿ ಆಡಲು ಹೋಗುವುದು ಅಪಾಯವಾಯಿತು. ಸಂಜೆಯ ಹೊತ್ತನ್ನು ಟ್ಯೂಷನ್ನು ಅರ್ಧ, ಮೊಬೈಲು ಅರ್ಧ ಹಂಚಿಕೊಂಡವು. ಇಷ್ಟಾಗಿಯೂ ಆಡುವ ಭಾಗ್ಯ ಎಲ್ಲರಿಗೂ ಒಂದೇ ತೆರನಾಗಿಲ್ಲ. ಕಬ್ಬು ಕಡಿಯುವ ಗ್ಯಾಂಗಿನವರೊಡನೆ ಸುಗ್ಗಿಯ ತಿಂಗಳುಗಳನ್ನು ಹೊಲದ ಗುಡಿಸಲಲ್ಲಿ ಕಳೆಯುವ ಮಗು, ತಮ್ಮ ತಂಗಿಯರನ್ನು ಕಾಯುತ್ತ ಒಲೆಯ ಮುಂದೆ ನಿಲ್ಲುವ ಹುಡುಗಿ ಇವರ ಸಂಜೆಗಳು ಅವರವಲ್ಲ. ಹನ್ನೆರಡು ತುಂಬುವಷ್ಟರಲ್ಲಿ “ಇನ್ನ ಸಾಕು, ಮನ್ಯಾಗ ಇರವ್ವಾ” ಎಂದು ಹೆಣ್ಣುಮಗುವನ್ನು ಬಯಲಿನಿಂದ ಒಳಗೆ ಕರೆದಾಗ, ನಾಳಿನ ಒಬ್ಬ ಚೈತ್ರಾಳನ್ನೋ ಮಮತಾಳನ್ನೋ ನಾವು ಕಳೆದುಕೊಳ್ಳುತ್ತಿರಬಹುದು. ಆಟದ ಮಹಿಮೆಯನ್ನು ಹೊಗಳುವವರು ಆಡಲಾರದ ಮಕ್ಕಳ ಲೆಕ್ಕವನ್ನು ಮೊದಲು ಇಡತಕ್ಕದ್ದು.

ಆಯ್ಕೆಯ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚೆಂಬುದನ್ನು ರಾಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದರು. ಒಂದೇ ವಯೋವರ್ಗದಲ್ಲಿ ಹತ್ತು ತಿಂಗಳು ದೊಡ್ಡವನಾದ ಹುಡುಗ ಎತ್ತರವಾಗಿರುತ್ತಾನೆ; ಆ ಎತ್ತರವನ್ನೇ ಪ್ರತಿಭೆಯೆಂದು ಭ್ರಮಿಸಿ ಅವನನ್ನು ಆರಿಸುತ್ತಾರೆ; ಆರಿಸಿದ್ದರಿಂದಲೇ ಅವನಿಗೆ ಒಳ್ಳೆಯ ತರಬೇತಿ ದೊರೆಯುತ್ತದೆ. ನಮ್ಮಲ್ಲಿ ತೊಡಕು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವುದುಂಟು. ಜನ್ಮದಿನ ಗೊತ್ತಿಲ್ಲದ ಮಕ್ಕಳಿಗೆ ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸುವ ವಾಡಿಕೆ ನಮ್ಮ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದಿತ್ತು. ಕಾಗದದ ವಯಸ್ಸೂ ಮೈಯ ವಯಸ್ಸೂ ಬೇರೆಯಾದಲ್ಲಿ, ಹದಿನಾಲ್ಕರ ಒಳಗಿನ ತಂಡಕ್ಕೆ ಮೀಸೆ ಮೂಡಿದ ಹುಡುಗರೇ ತುಂಬಿಕೊಂಡು, ನಿಧಾನವಾಗಿ ಬೆಳೆಯುವ ಜಾಣ ಆಟಗಾರ ಬೆಂಚಿನಲ್ಲಿಯೇ ಉಳಿಯುತ್ತಾನೆ. ಶಾಲಾ ಕಬಡ್ಡಿಯಲ್ಲಿ ವಯಸ್ಸಿನ ಜತೆಗೆ ತೂಕದ ಮಿತಿಯನ್ನೂ ಇಟ್ಟಿರುವುದು ಈ ಅನ್ಯಾಯವನ್ನು ಸ್ವಲ್ಪ ತಗ್ಗಿಸುತ್ತದೆ. ಆದರೆ ಅದಕ್ಕೂ ಮಿಗಿಲಾಗಿ ಬೇಕಾದುದು, ಇಂದಿನ ಗೆಲುವಿಗಾಗಿ ದೊಡ್ಡ ಮೈಯನ್ನು ಆರಿಸದೆ ಕಣ್ಣಿನ ಚುರುಕನ್ನು ಆರಿಸುವ ಗುರುವಿನ ತಾಳ್ಮೆ.

ಮೇಲಿನ ಅಧ್ಯಯನಗಳೆಲ್ಲಕ್ಕೂ ಮಿತಿಗಳಿವೆಯೆಂಬುದನ್ನು ಓದುಗರು ಮರೆಯಬಾರದು. ಅವುಗಳಲ್ಲಿ ಬಹುಪಾಲು, ಬೆಳೆದ ಆಟಗಾರರನ್ನು ಕೇಳಿ ಅವರ ನೆನಪಿನಿಂದ ಪಡೆದ ಲೆಕ್ಕಗಳು. ಹತ್ತು ವರ್ಷಗಳ ಹಿಂದೆ ವಾರಕ್ಕೆ ಎಷ್ಟು ಗಂಟೆ ಆಡಿದೆನೆಂಬುದನ್ನು ಯಾರ ನೆನಪೂ ಕರಾರುವಾಕ್ಕಾಗಿ ಹೇಳಲಾರದು. ಹೆಚ್ಚು ಆಡಿದುದರಿಂದ ಉತ್ತಮನಾದನೋ, ಉತ್ತಮನಾಗಿದ್ದುದರಿಂದಲೇ ಆಟ ಹಿಡಿಸಿ ಹೆಚ್ಚು ಆಡಿದನೋ ಎಂಬುದನ್ನು ಬೇರ್ಪಡಿಸುವುದೂ ಕಷ್ಟ. ಫುಟ್‌ಬಾಲು, ಹಾಕಿಗಳ ಮೇಲೆ ಕಂಡುದನ್ನು ಕಬಡ್ಡಿ, ಖೋಖೋಗಳಿಗೆ ಹೊಂದಿಸುವಾಗ ಎಚ್ಚರ ಬೇಕು. ಆದರೂ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಆಟಗಳಲ್ಲಿ, ಬೇರೆ ಬೇರೆ ವಿಧಾನಗಳಿಂದ ನಡೆದ ವಿಚಾರಣೆಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಬೆರಳು ಮಾಡಿದಾಗ, ಮತ್ತು ಆ ದಿಕ್ಕು ನಮ್ಮ ಕಣ್ಣೆದುರಿನ ಅನುಭವಕ್ಕೂ ಹೊಂದಿಕೊಂಡಾಗ, ಅದನ್ನು ಅಲಕ್ಷಿಸುವುದು ವಿವೇಕವಲ್ಲ.

ಹಾಗಾದರೆ ಹತ್ತು ವರ್ಷದ ಆ ಹುಡುಗನ ವಿಷಯದಲ್ಲಿ ದೈಹಿಕ ಶಿಕ್ಷಕರು ಏನು ಮಾಡತಕ್ಕದ್ದು? ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ನಮ್ಮ ತಾಲ್ಲೂಕುಗಳ ಪ್ರಾಥಮಿಕ ಶಾಲೆಗಳಲ್ಲಿ ಏಳನೆಯ ತರಗತಿಯವರೆಗೆ ಯಾವ ಮಗುವನ್ನೂ ಒಂದೇ ಆಟಕ್ಕೆ ಕಟ್ಟದೆ, ವಲಯಮಟ್ಟದ ಪಂದ್ಯಕ್ಕೆ ಆಯ್ಕೆಯಾದವರೂ ಆಗದವರೂ ಒಟ್ಟಿಗೆ ಆಡುವ ಒಂದು ಗಂಟೆಯನ್ನು ದಿನವೂ ಕಾದಿರಿಸಬೇಕು. ಆ ಗಂಟೆಯಲ್ಲಿ ಶಿಕ್ಷಕರು ಸೀಟಿ ಊದುವುದಕ್ಕಿಂತ ಹೆಚ್ಚಾಗಿ ನೋಡಬೇಕು: ಸೋತ ಮೇಲೆ ಯಾರು ಮತ್ತೆ ಬರುತ್ತಾರೆ, ಜಗಳವನ್ನು ಯಾರು ಮುಗಿಸುತ್ತಾರೆ, ಚೆಂಡು ಬರುವ ಮೊದಲೇ ಯಾರ ಕಣ್ಣು ಅಲ್ಲಿಗೆ ಹೋಗುತ್ತದೆ ಎಂಬುದನ್ನು. ಎಂಟನೆಯ ತರಗತಿಯಿಂದ ಮೇಲೆ, ಬಯಸಿ ಬಂದವರಿಗೆ ವಾರಕ್ಕೆ ಮೂರು ದಿನ ಕ್ರಮವಾದ ತರಬೇತಿ ಸಿಗಲಿ. ಅವರಲ್ಲಿ ಮುಂದೆ ಬಂದವರಿಗೆ ಸರಕಾರದ ಕ್ರೀಡಾ ವಸತಿ ನಿಲಯಗಳ ಬಾಗಿಲು ತೆರೆಯಲಿ. ಗ್ರಾಮ ಪಂಚಾಯಿತಿಗಳು ಊರಿಗೊಂದು ಬಯಲನ್ನು ಮಕ್ಕಳ ಹೆಸರಿನಲ್ಲಿ ಉಳಿಸಿ, ಅದರ ಮೇಲೆ ಕಟ್ಟಡ ಏಳದಂತೆ ಕಾಯಲಿ. ಹೆಣ್ಣುಮಕ್ಕಳ ಆಟದ ಗಂಟೆಯನ್ನು ಶಾಲೆಯ ಹೊತ್ತಿನೊಳಗೇ ಇಟ್ಟರೆ, ಮನೆಯವರ ಅನುಮತಿಗಾಗಿ ಅವರು ಅಂಗಲಾಚಬೇಕಾಗುವುದಿಲ್ಲ. ಇವು ಯಾವುವೂ ಕೋಟಿಗಟ್ಟಲೆ ಹಣ ಬೇಡುವ ಯೋಜನೆಗಳಲ್ಲ. ನೆಲ, ಹೊತ್ತು, ತಾಳ್ಮೆ ಈ ಮೂರನ್ನಷ್ಟೇ ಬೇಡುತ್ತವೆ.

ಆ ತಂದೆಗೆ ಕೊಡಬೇಕಾದ ಉತ್ತರವೂ ಇಷ್ಟರಿಂದ ಸ್ಪಷ್ಟವಾಗುತ್ತದೆ. ಮಗನನ್ನು ಆಟಕ್ಕೆ ಹಚ್ಚಬೇಕೆಂಬ ಅವರ ಮಾತು ಸರಿಯಾದುದೇ. ಒಂದೇ ಆಟಕ್ಕೆ, ಈಗಿನಿಂದಲೇ ಎಂಬ ಎರಡು ನಿರ್ಬಂಧಗಳನ್ನು ಮಾತ್ರ ಬಿಟ್ಟುಕೊಡಬೇಕು. ಇನ್ನು ಮೂರು ವರ್ಷ ಹುಡುಗ ಎಲ್ಲವನ್ನೂ ಆಡಲಿ. ತಂಗಿಯೂ ಅವನ ಜತೆಗೆ ಆಡಲಿ. ಅಷ್ಟರೊಳಗೆ ಯಾವ ಆಟ ಅವನನ್ನು ಬಿಡದೆ ಹಿಡಿಯುವುದೋ ಆ ಆಟಕ್ಕೆ ಗುರುವನ್ನು ಹುಡುಕುವ ಹೊಣೆ ಹಿರಿಯರದು. ಅವನು ಭಾರತದ ತಂಡಕ್ಕೆ ಏರಿದರೆ ಊರಿಗೆ ಕೀರ್ತಿ. ಏರದಿದ್ದರೂ ಜತೆಗಾರನಿಗಾಗಿ ಅಪಾಯಕ್ಕೆ ಒಡ್ಡಿಕೊಳ್ಳಬಲ್ಲ, ಜಗಳವನ್ನು ನ್ಯಾಯವಾಗಿ ಮುಗಿಸಬಲ್ಲ, ಸೋತು ಮರುದಿನ ಮತ್ತೆ ಬರಬಲ್ಲ ಮನುಷ್ಯನೊಬ್ಬ ಊರಿಗೆ ದೊರೆಯುತ್ತಾನೆ. ತಂಡದ ಆಟದಿಂದ ಸಮಾಜ ನಿರೀಕ್ಷಿಸಬೇಕಾದ ಫಲ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.